ಕಚೇರಿ ನೆಟ್‌ನಲ್ಲಿ ಸೈಟ್ ತೆರೆಯದಿದ್ದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಇಲಾಖೆಯ ತರಬೇತಿ ವಿಡಿಯೊಗಳು ಯೂಟ್ಯೂಬ್‌ನಲ್ಲಿವೆ. ಕಚೇರಿಯಲ್ಲಿ ಅದಕ್ಕೆ ತಡೆ ಇತ್ತು. ಪತ್ರ ಬರೆದ ಮೇಲೆ ಸೈಟ್ ತೆರೆಯುತ್ತಿದೆ, ವಿಡಿಯೊ ಮಾತ್ರ ಸುತ್ತುತ್ತಲೇ ಇರುತ್ತದೆ. ಏನು ಮಾಡಬೇಕು?
– ಪ್ರಥಮ ದರ್ಜೆ ಸಹಾಯಕರು, ಹಾವೇರಿ ಜಿಲ್ಲೆ

ಉತ್ತರ: ನಿಮಗೆ ಸಿಕ್ಕಿರುವುದು ಅರ್ಧ ಅನುಮತಿ. ಪುಟ ಬರುವುದು ಯೂಟ್ಯೂಬ್.ಕಾಂನಿಂದ, ಚಿತ್ರಗಳು ವೈಟಿಐಎಂಜಿ.ಕಾಂನಿಂದ, ವಿಡಿಯೊ ಬರುವುದು ಗೂಗಲ್‌ವಿಡಿಯೊ.ಕಾಂನಿಂದ. ಮೂರನ್ನೂ ಅವುಗಳ ಉಪಡೊಮೈನ್‌ಗಳ (ಅದೇ ಹೆಸರಿನಲ್ಲಿ ಕೊನೆಯಾಗುವ ಇತರ ವಿಳಾಸಗಳ) ಸಮೇತ ಬಿಡಬೇಕೆಂದು ಮತ್ತೆ ಬರೆಯಿರಿ.

'ತರಬೇತಿಯ ಒಂದೇ ವಿಡಿಯೊ ಬಿಡುತ್ತೇವೆ, ಉಳಿದದ್ದು ಬೇಡ' ಎಂದು ಅಧಿಕಾರಿಗಳು ಹೇಳುವುದುಂಟು. ಕಚೇರಿ ಜಾಲದ ಬಾಗಿಲಲ್ಲಿ ನಿಂತು ಸೈಟ್ ತಡೆಯುವ ಸಾಮಾನ್ಯ ಫೈರ್‌ವಾಲ್‌ಗೆ ಅದು ಆಗದ ಕೆಲಸ. ಎಚ್‌ಟಿಟಿಪಿಎಸ್ (ಗೂಢಲಿಪಿಯ) ಸಂಪರ್ಕದಲ್ಲಿ ಅದಕ್ಕೆ ಕಾಣುವುದು ಸೈಟಿನ ಹೆಸರಷ್ಟೇ. ಯಾವ ಪುಟ, ಯಾವ ವಿಡಿಯೊ ಎಂಬುದು ಗೂಢಲಿಪಿಯೊಳಗೆ ಇರುತ್ತದೆ. ಹಾಗಾಗಿ ತರಬೇತಿಗೆ ನಿಗದಿಯಾದ ಒಂದೆರಡು ಕಂಪ್ಯೂಟರ್‌ಗಳ ಐಪಿ ವಿಳಾಸಕ್ಕೆ (ಜಾಲದಲ್ಲಿ ಅವುಗಳ ಗುರುತಿನ ಸಂಖ್ಯೆಗೆ), ನಿಗದಿತ ಸಮಯಕ್ಕೆ ಮಾತ್ರ ಅನುಮತಿ ಕೇಳುವುದು ಒಳ್ಳೆಯದು. ಪತ್ರ ಕಚೇರಿ ಮುಖ್ಯಸ್ಥರ ಸಹಿಯಲ್ಲೇ ಹೋಗಲಿ. ಅದರಲ್ಲಿ ಪೂರ್ತಿ ವಿಳಾಸ, ಯಾವ ಕೆಲಸಕ್ಕೆ, ಯಾವ ಕಂಪ್ಯೂಟರ್‌ಗೆ, ಎಲ್ಲಿಯವರೆಗೆ ಎಂಬುದಿರಲಿ. ದೋಷದ ಸ್ಕ್ರೀನ್‌ಶಾಟ್ ಜೊತೆಗೆ ಅದು ಕಂಡ ದಿನಾಂಕ, ಗಂಟೆ, ನಿಮಿಷ ಇರಲಿ. ಸಮಯ ಇದ್ದರೆ ತಾಂತ್ರಿಕ ಸಿಬ್ಬಂದಿ ಲಾಗ್‌ನಲ್ಲಿ (ಸಂಪರ್ಕಗಳ ದಾಖಲೆಯಲ್ಲಿ) ಆ ಸಾಲನ್ನು ಬೇಗ ಹಿಡಿಯುತ್ತಾರೆ. 'ನೆಟ್ ಸರಿಯಿಲ್ಲ' ಎಂದಷ್ಟೇ ಬರೆದ ಪತ್ರ ಮೇಜಿನ ಮೇಲೇ ಉಳಿಯುತ್ತದೆ.

ಪ್ರಶ್ನೆ: ಸೈಟನ್ನು ತಡೆದಿದ್ದಾರೋ, ಸೈಟೇ ಕೆಟ್ಟಿದೆಯೋ, ನಮ್ಮ ಕಂಪ್ಯೂಟರಿನದೇ ದೋಷವೋ ಗೊತ್ತಾಗುವುದು ಹೇಗೆ?
– ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ

ಉತ್ತರ: ಮೊದಲು ಅದೇ ವಿಳಾಸವನ್ನು ಮೊಬೈಲ್ ಡೇಟಾದಲ್ಲಿ ತೆರೆಯಿರಿ. ಅಲ್ಲೂ ಬರದಿದ್ದರೆ ಒಂದೋ ಸೈಟ್ ಬಿದ್ದಿದೆ, ಇಲ್ಲವೇ ಐಟಿ ಕಾಯ್ದೆಯ 69ಎ ಕಲಮಿನಡಿ ಕೇಂದ್ರ ಸರ್ಕಾರದ ಆದೇಶದಿಂದಲೋ ನ್ಯಾಯಾಲಯದ ಆದೇಶದಿಂದಲೋ ದೇಶದಲ್ಲೇ ತಡೆಯಾಗಿದೆ. ಅದಕ್ಕೂ ನಿಮ್ಮ ಕಚೇರಿಯ ತಡೆಗೂ ಸಂಬಂಧವಿಲ್ಲ. ಇಲಾಖೆಯ ಒಳಜಾಲದಲ್ಲಿ ಮಾತ್ರ ತೆರೆಯುವ ತಂತ್ರಾಂಶಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ.

ಮೊಬೈಲ್‌ನಲ್ಲಿ ಬಂದು ಕಚೇರಿಯಲ್ಲಿ ಬರದಿದ್ದರೆ ದೋಷದ ಸಾಲನ್ನು ಓದಿ. 'ಎನ್‌ಎಕ್ಸ್‌ಡೊಮೈನ್' ಎಂದಿದ್ದರೆ ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಹಂತದಲ್ಲೇ ಹೆಸರು ಸಿಕ್ಕಿಲ್ಲ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಎನ್‌ಎಸ್‌ಲುಕಪ್ ಎಂದು ಬರೆದು, ಜಾಗ ಬಿಟ್ಟು ಸೈಟಿನ ಹೆಸರು ಕೊಡಿ, 0.0.0.0 ಎಂದೋ, ಹೊರಗಿನ ಸೈಟಿಗೆ 10ರಿಂದ ಶುರುವಾಗುವ ಒಳವಿಳಾಸವೋ ಬಂದರೆ ಅದು ಡಿಎನ್‌ಎಸ್ ತಡೆ. 'ಕನೆಕ್ಷನ್ ರೀಸೆಟ್' ಎಂದಿದ್ದರೆ ಹೆಚ್ಚಾಗಿ ಫೈರ್‌ವಾಲ್ ಹೆಸರು ನೋಡಿ ಕತ್ತರಿಸಿದೆ. ಬಹಳ ಹೊತ್ತು ಕಾದು 'ಟೈಮ್ಡ್ ಔಟ್' ಎಂದರೆ ಐಪಿ ಅಥವಾ ಪೋರ್ಟ್ (ಸಂಪರ್ಕದ ದ್ವಾರದ ಸಂಖ್ಯೆ) ಮುಚ್ಚಿರಬಹುದು. ರೂಢಿಯ 443ರ ಬದಲು 8443ರಂಥ ಪೋರ್ಟ್ ಬಳಸುವ ಸೈಟ್‌ಗಳಲ್ಲಿ ಇದು ಸಾಮಾನ್ಯ.

ಪುಟ ತೆರೆದು ಕ್ಯಾಪ್ಚಾ ಮಾತ್ರ ಕಾಣದಿದ್ದರೆ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ, ಪುಟವನ್ನು ಮತ್ತೆ ಲೋಡ್ ಮಾಡಿ. ಕೆಂಪಾಗಿ ಕಾಣುವ ಸಾಲಿನ ಮೇಲೆ ಮೌಸ್ ಇಟ್ಟರೆ ಯಾವ ಡೊಮೈನ್ ತಡೆಯಾಗಿದೆ ಎಂದು ಕಾಣುತ್ತದೆ. ಕ್ಯಾಪ್ಚಾಗಳಲ್ಲಿ ಹಲವು ಜಿಸ್ಟ್ಯಾಟಿಕ್.ಕಾಂನಿಂದ ಬರುತ್ತವೆ. ಪತ್ರದಲ್ಲಿ ಬರೆಯಬೇಕಾದದ್ದು ಆ ಹೆಸರನ್ನು.

ಇನ್ನೊಂದನ್ನು ಮರೆಯಬೇಡಿ. ಎಲ್ಲ ಸೈಟ್‌ಗಳೂ ಪ್ರಮಾಣಪತ್ರದ (ಸೈಟ್ ಅಸಲಿ ಎಂದು ತೋರಿಸುವ ಗುರುತಿನ) ಎಚ್ಚರಿಕೆ ಕೊಡುತ್ತಿದ್ದರೆ ಪರದೆಯ ಮೂಲೆಯ ದಿನಾಂಕ ನೋಡಿ. ಹಳೆಯ ಡೆಸ್ಕ್‌ಟಾಪ್‌ನಲ್ಲಿ ಮದರ್‌ಬೋರ್ಡ್ ಸೆಲ್ ಸತ್ತರೆ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ, ಬ್ರೌಸರ್ ಯಾವ ಸೈಟನ್ನೂ ನಂಬುವುದಿಲ್ಲ. ಸಿಆರ್2032 ಬಟನ್ ಸೆಲ್ ಬದಲಿಸಿ, ದಿನಾಂಕ ಸರಿಮಾಡಿದರೆ ಮುಗಿಯಿತು.

ಪ್ರಶ್ನೆ: ಕೆಲವು ಸೈಟ್‌ಗಳಿಗೆ 'ಸಂಪರ್ಕ ಸುರಕ್ಷಿತವಲ್ಲ' ಎಂದು ಬರುತ್ತದೆ. 'ಪ್ರೊಸೀಡ್' ಒತ್ತಿ ಮುಂದೆ ಹೋಗಿ ಅನ್ನುತ್ತಾರೆ. ಹೋಗಬಹುದೇ?
– ಲೆಕ್ಕ ಶಾಖೆ ಸಿಬ್ಬಂದಿ, ಮೈಸೂರು

ಉತ್ತರ: ಹೋಗಬೇಡಿ. ಖಜಾನೆ, ಎಚ್‌ಆರ್‌ಎಂಎಸ್ (ಸಿಬ್ಬಂದಿ ವೇತನದ ತಂತ್ರಾಂಶ), ಬ್ಯಾಂಕ್ ಪಾಸ್‌ವರ್ಡ್ ಹಾಕುವ ಪುಟವಾದರೆ ಖಂಡಿತ ಬೇಡ. ವಿಳಾಸದ ಪಕ್ಕದ ಗುರುತು ಒತ್ತಿ ಪ್ರಮಾಣಪತ್ರದಲ್ಲಿ 'ಇಶ್ಯೂಡ್ ಬೈ' ನೋಡಿ. ಅಲ್ಲಿ ಫೈರ್‌ವಾಲ್ ಕಂಪನಿಯ ಅಥವಾ ಕಚೇರಿಯ ಹೆಸರಿದ್ದರೆ, ಫೈರ್‌ವಾಲ್ ನಡುವೆ ನಿಂತು ತಡೆಪುಟ ತೋರಿಸಲು ಹೊರಟಿದೆ ಅಥವಾ ಸಂಪರ್ಕವನ್ನು ಬಿಚ್ಚಿ ಓದುತ್ತಿದೆ. ಬಿಚ್ಚಿ ಓದುವ ವ್ಯವಸ್ಥೆ ಬೇಕೆಂದಾದರೆ ಅದರ ರೂಟ್ (ಮೂಲ) ಪ್ರಮಾಣಪತ್ರವನ್ನು ಎಲ್ಲ ಕಂಪ್ಯೂಟರ್‌ಗಳಿಗೂ ಮೊದಲೇ ಹಾಕಿಸುವುದು, ಬ್ಯಾಂಕ್ ಮತ್ತು ಆರೋಗ್ಯ ಸೈಟ್‌ಗಳನ್ನು ಅದರಿಂದ ಹೊರಗಿಡುವುದು, ಸಿಬ್ಬಂದಿಗೆ ತಿಳಿಸುವುದು ಆಡಳಿತದ ಹೊಣೆ. ಎಚ್ಚರಿಕೆ ದಾಟುವ ರೂಢಿಯನ್ನು ನೌಕರರಿಗೆ ಕಲಿಸುವ ಕಚೇರಿ, ನಾಳೆ ನಿಜವಾದ ವಂಚನೆಯ ಪುಟ ಬಂದಾಗಲೂ ಅದನ್ನೇ ಮಾಡಿಸುತ್ತದೆ. ನಮ್ಮ ದೃಷ್ಟಿಯಲ್ಲಿ ಇದು ತಡೆ ಇಲ್ಲದಿರುವುದಕ್ಕಿಂತ ಅಪಾಯ.

ಪ್ರಶ್ನೆ: ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಒಂದು ಫೈಬರ್ ಸಂಪರ್ಕ, ನಾಲ್ಕು ಕಂಪ್ಯೂಟರ್. ಫೈರ್‌ವಾಲ್ ಕೊಳ್ಳಲು ಹಣವಿಲ್ಲ. ಅಶ್ಲೀಲ, ವಂಚನೆ ಸೈಟ್‌ಗಳನ್ನಾದರೂ ತಡೆಯಬಹುದೇ?
– ಪಿಡಿಒ, ಉತ್ತರ ಕನ್ನಡ

ಉತ್ತರ: ಆಗುತ್ತದೆ, ಖರ್ಚಿಲ್ಲ. ರೌಟರ್‌ನ ಡಿಎಚ್‌ಸಿಪಿ (ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವ) ಪುಟದಲ್ಲಿ ಡಿಎನ್‌ಎಸ್ ಜಾಗಕ್ಕೆ 1.1.1.3 ಮತ್ತು 1.0.0.3 ಹಾಕಿ. ಇದು ಕ್ಲೌಡ್‌ಫ್ಲೇರ್‌ನ ಉಚಿತ ಸೇವೆ. ಮಾಲ್‌ವೇರ್ ಮತ್ತು ಅಶ್ಲೀಲ ಸೈಟ್‌ಗಳನ್ನು ತಡೆಯುತ್ತದೆ, ಸಾಮಾಜಿಕ ಜಾಲತಾಣಗಳನ್ನು ಅಲ್ಲ. ಆಮೇಲೆ ಹಳೆಯ ಡಿಎನ್‌ಎಸ್ ಉತ್ತರಗಳನ್ನು ಅಳಿಸಲು ಪ್ರತಿ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್ ಕೊಡಿ.

ಇಷ್ಟಾದರೂ ಸೋರುವ ಕಡೆಗಳಿವೆ. ಐಪಿವಿ6 (ಐಪಿ ವಿಳಾಸದ ಹೊಸ ಮಾದರಿ) ಚಾಲೂ ಇದ್ದರೆ ಕಂಪ್ಯೂಟರ್ ಸೇವಾದಾರರ ಡಿಎನ್‌ಎಸ್ ಹಿಡಿಯಬಹುದು, ಆಗ ತಡೆ ಕೆಲಸ ಮಾಡುವುದಿಲ್ಲ. ಅಲ್ಲೂ ಇದೇ ಸೇವೆಯ ಐಪಿವಿ6 ವಿಳಾಸ ಕೊಡಿ, ಇಲ್ಲವೇ ಲ್ಯಾನ್‌ನಲ್ಲಿ (ಕಚೇರಿಯ ಒಳಜಾಲದಲ್ಲಿ) ಐಪಿವಿ6 ನಿಲ್ಲಿಸಿ. ಬ್ರೌಸರ್ ಬೇರೆ ಡಿಎನ್‌ಎಸ್ ಬಳಸದಂತೆ ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ನಂತರ ಸೆಕ್ಯುರಿಟಿಗೆ ಹೋಗಿ 'ಯೂಸ್ ಸೆಕ್ಯೂರ್ ಡಿಎನ್‌ಎಸ್' ಆಫ್ ಮಾಡಿ. ಫೈರ್‌ಫಾಕ್ಸ್‌ನಲ್ಲೂ ಹಾಗೆಯೇ. ರೌಟರ್‌ನಲ್ಲಿ ಅವಕಾಶವಿದ್ದರೆ ಬೇರೆ ಡಿಎನ್‌ಎಸ್‌ಗೆ ಹೋಗುವ ಪೋರ್ಟ್ 53 ಮತ್ತು 853 ಮುಚ್ಚಿ. ಸಿಬ್ಬಂದಿಗೆ ವಿಂಡೋಸ್‌ನ ಅಡ್ಮಿನ್ ಖಾತೆ ಬೇಡ, ಸಾಮಾನ್ಯ ಖಾತೆ ಸಾಕು. ರೌಟರ್‌ನ ಹಿಂಬದಿಯ ಚೀಟಿಯಲ್ಲಿ ಅಚ್ಚಾಗಿರುವ ಪಾಸ್‌ವರ್ಡ್ ಬದಲಿಸದಿದ್ದರೆ ಮೇಲಿನದೆಲ್ಲ ವ್ಯರ್ಥ.

ಪ್ರಶ್ನೆ: ತುರ್ತಿದ್ದಾಗ ಮೊಬೈಲ್ ಹಾಟ್‌ಸ್ಪಾಟ್ ಅಥವಾ ವಿಪಿಎನ್ ಬಳಸಿದರೆ ತಪ್ಪೇ?
– ಓದುಗರು, ಕಲಬುರಗಿ

ಉತ್ತರ: ವಿಪಿಎನ್ (ಸಂಪರ್ಕವನ್ನು ಗೂಢಲಿಪಿಯಲ್ಲಿ ಬೇರೆ ಸರ್ವರ್ ಮೂಲಕ ಒಯ್ಯುವ ಸೇವೆ) ಬೇಡ. ಕೇಂದ್ರ ಸರ್ಕಾರದ ನೌಕರರಿಗೆ 2022ರಲ್ಲಿ ಬಂದ ಸೈಬರ್ ಸುರಕ್ಷತೆಯ ಸೂಚನೆಗಳು ಹೊರಗಿನ ವಿಪಿಎನ್ ಬಳಸುವುದನ್ನೂ, ಆಂತರಿಕ ಕಡತಗಳನ್ನು ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್‌ಗಳಲ್ಲಿ ಇಡುವುದನ್ನೂ ನಿಷೇಧಿಸಿವೆ. ಅದೇ ವರ್ಷ ಏಪ್ರಿಲ್ 28ರ ಸಿಇಆರ್‌ಟಿ-ಇನ್ (ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ) ನಿರ್ದೇಶನದಂತೆ ಸರ್ಕಾರಿ ಸಂಸ್ಥೆಗಳು 180 ದಿನಗಳ ಲಾಗ್ ಇಡಬೇಕು; ವಿಪಿಎನ್ ಒಳಗೆ ನಡೆದದ್ದು ಆ ಲಾಗ್‌ನಲ್ಲಿ ಸಿಗುವುದಿಲ್ಲ. ಹಾಟ್‌ಸ್ಪಾಟ್‌ನ ಅಪಾಯ ಬೇರೆ: ಲ್ಯಾನ್ ಕೇಬಲ್ ತೆಗೆಯದೆ ವೈಫೈ ಹಾಕಿದರೆ ಆ ಕಂಪ್ಯೂಟರ್ ಎರಡು ಜಾಲಗಳಲ್ಲೂ ನಿಲ್ಲುತ್ತದೆ, ಹೊರಗಿನ ಮಾಲ್‌ವೇರ್‌ಗೆ ಫೈರ್‌ವಾಲ್ ದಾಟದೆಯೇ ಒಳದಾರಿ ಸಿಗುತ್ತದೆ. ನಿಮ್ಮ ಇಲಾಖೆ ಒಪ್ಪದೆ ಕಚೇರಿ ಕಂಪ್ಯೂಟರಿಗೆ ಹಾಟ್‌ಸ್ಪಾಟ್ ಜೋಡಿಸಬೇಡಿ. ತುರ್ತಾಗಿ ನೋಡಬೇಕಾದದ್ದು ಸಾರ್ವಜನಿಕ ಸೈಟ್ ಆಗಿದ್ದರೆ ಮೊಬೈಲ್‌ನಲ್ಲೇ ನೋಡಿ, ಅನುಮತಿಯ ಪತ್ರವನ್ನು ಅದೇ ದಿನ ಕಳುಹಿಸಿ.