ನೈರೋಬಿಯ ಆಫ್ರಿಕನ್ ಹೆರಿಟೇಜ್ ಹೌಸ್‌ಗೆ ಒಂದು ದಿನ ಕೊಡಬಹುದಾ?

ಸಫಾರಿ ಮುಗಿದ ಮೇಲೆ ನೈರೋಬಿಯಲ್ಲಿ ಒಂದು ದಿನ ಉಳಿಯುತ್ತದೆ, ಆಫ್ರಿಕಾದ ಇತಿಹಾಸ, ಕಲೆ ಏನೂ ಗೊತ್ತಿಲ್ಲದವರಿಗೆ ಈ ಖಾಸಗಿ ಮ್ಯೂಸಿಯಂ ಬೇಸರ ಆಗುವುದಿಲ್ಲವೇ ಎಂದು ಕೇಳಿದ್ದೀರಿ. ಆಗುವುದಿಲ್ಲ, ಧೈರ್ಯವಾಗಿ ಹೋಗಿ. ಆಫೀಸಿನ ಕೆಲಸಕ್ಕೆ ಅಲ್ಲಿಗೆ ಹೋಗಿದ್ದಾಗ ನಾನು ಒಂದು ಶನಿವಾರ ನೋಡಿ ಬಂದೆ. ಆಗ ನನಗೂ ಏನೂ ಗೊತ್ತಿರಲಿಲ್ಲ. ಹೋಗುವ ಮುಂಚೆ ಒಬ್ಬ ಮನುಷ್ಯನ ಬಗ್ಗೆ ಮಾತ್ರ ತಿಳಿದುಕೊಳ್ಳಿ. ಅಷ್ಟು ಸಾಕು.

ಅವರ ಹೆಸರು ಜೋಸೆಫ್ ಮುರುಂಬಿ. ಹುಟ್ಟಿದ್ದು 1911ರಲ್ಲಿ, ಕೀನ್ಯಾದಲ್ಲಿ. ತಂದೆ ಗೋವಾದಿಂದ ಹೋಗಿದ್ದ ವ್ಯಾಪಾರಿ, ತಾಯಿ ಅಲ್ಲಿನ ಮಸಾಯಿ ಬುಡಕಟ್ಟಿನ ಹೆಂಗಸು. ಚಿಕ್ಕ ಹುಡುಗನಾಗಿದ್ದಾಗಲೇ ತಂದೆ ಓದಲು ಭಾರತಕ್ಕೆ ಕಳಿಸಿದರು. ಎಲ್ಲಿಗೆ ಗೊತ್ತಾ? ನಮ್ಮ ಬೆಂಗಳೂರಿಗೆ ಮತ್ತು ಬಳ್ಳಾರಿಗೆ! ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಅಮ್ಮನನ್ನು ಬಿಟ್ಟು ಹಡಗು ಹತ್ತಿ ಬಂದ ಮಗು ಬಳ್ಳಾರಿಯ ಬಿಸಿಲಲ್ಲಿ ಬೆಳೆದಿದೆ ಅಲ್ವಾ? ದೊಡ್ಡವರಾದ ಮೇಲೆ ಕೀನ್ಯಾಕ್ಕೆ ಮರಳಿದರು. ಸ್ವಾತಂತ್ರ್ಯ ಹೋರಾಟಕ್ಕೆ ಇಳಿದರು, ವಿದೇಶಾಂಗ ಸಚಿವರಾದರು. 1966ರಲ್ಲಿ ಕೆಲವೇ ತಿಂಗಳು ದೇಶದ ಉಪಾಧ್ಯಕ್ಷರಾಗಿದ್ದು, ಹುದ್ದೆ ಬಿಟ್ಟು ಹೊರಬಂದರು.

ಆದರೆ ಅವರು ಬದುಕೆಲ್ಲ ಮಾಡಿದ್ದು ಇನ್ನೊಂದು ಕೆಲಸ. ಆಫ್ರಿಕಾದ ಒಳ್ಳೊಳ್ಳೆ ಕಲಾವಸ್ತುಗಳು ಯುರೋಪಿನ ಮ್ಯೂಸಿಯಂಗಳ ಪಾಲಾಗಿದ್ದವು. ಕೆಲವನ್ನು ಕೊಂಡು ಒಯ್ದಿದ್ದರು, ಕೆಲವನ್ನು ಲೂಟಿ ಮಾಡಿದ್ದರು. 1897ರಲ್ಲಿ ಬ್ರಿಟಿಷ್ ಸೇನೆ ಈಗಿನ ನೈಜೀರಿಯಾದಲ್ಲಿದ್ದ ಬೆನಿನ್ ರಾಜ್ಯದ ಅರಮನೆಯಿಂದ ಸಾವಿರಾರು ಕಂಚಿನ ಶಿಲ್ಪಗಳನ್ನು ಹೊತ್ತೊಯ್ದದ್ದನ್ನು ನೀವು ಕೇಳಿರಬಹುದು. ಇನ್ನು ಉಳಿದದ್ದಾದರೂ ಇಲ್ಲೇ ಇರಲಿ ಎಂದು ಮುರುಂಬಿ ಸಂಗ್ರಹಿಸುತ್ತಾ ಹೋದರು. ಅವರಿಗೆ ಜೊತೆಯಾದವರು ಅಲನ್ ಡೊನೊವನ್ ಎಂಬ ಅಮೆರಿಕದವರು. ನೈಜೀರಿಯಾದ ಅಂತರ್ಯುದ್ಧದ (ಬಿಯಾಫ್ರಾ ಯುದ್ಧ) ಕಾಲದಲ್ಲಿ ಪರಿಹಾರ ಕೆಲಸಕ್ಕೆ ಅಲ್ಲಿಗೆ ಬಂದವರು, ಆಮೇಲೆ ಆಫ್ರಿಕಾ ಬಿಟ್ಟು ಹೋಗಲೇ ಇಲ್ಲ. ಇಬ್ಬರೂ ಸೇರಿ 1972ರಲ್ಲಿ ನೈರೋಬಿಯಲ್ಲಿ ಆಫ್ರಿಕನ್ ಹೆರಿಟೇಜ್ ಗ್ಯಾಲರಿ ತೆರೆದರು. ನೀವು ಕೇಳುತ್ತಿರುವ ಮ್ಯೂಸಿಯಂ ಡೊನೊವನ್ ತಮಗಾಗಿ ಕಟ್ಟಿಕೊಂಡ ಮನೆ. ಅವರು 2021ರಲ್ಲಿ ತೀರಿಕೊಂಡರು.

ಮನೆಯನ್ನು ಹೊರಗಿನಿಂದಲೇ ಸ್ವಲ್ಪ ಹೊತ್ತು ನೋಡಿ. ಮಾಲಿ ದೇಶದ ಜೆನ್ನೆ ಊರಿನ ಮಣ್ಣಿನ ಮಸೀದಿ ನೆನಪಾಗುತ್ತದೆ. ಆ ಮಸೀದಿಯ ಗೋಡೆಯಿಂದ ಮರದ ತುಂಡುಗಳು ಸಾಲಾಗಿ ಹೊರಗೆ ಚಾಚಿಕೊಂಡಿರುತ್ತವೆ. ನಾನು ಸುಮ್ನೆ ಅಲಂಕಾರ ಅಂದುಕೊಂಡಿದ್ದೆ. ಅದು ಏಣಿ! ವರ್ಷಕ್ಕೊಮ್ಮೆ ಇಡೀ ಊರು ಸೇರಿ ಅದನ್ನು ಹತ್ತಿ ಗೋಡೆಗೆ ಹೊಸ ಮಣ್ಣು ಮೆತ್ತುತ್ತದೆ. ಹಬ್ಬಕ್ಕೆ ಮುಂಚೆ ಅಜ್ಜಿ ಮನೆಯ ಮಣ್ಣುಗೋಡೆ ಸಾರಿಸುತ್ತಿದ್ದದ್ದು ನನ್ನ ಕಣ್ಣ ಮುಂದೆ ಬಂತು.

ಒಳಗೆ ವಸ್ತುಗಳು ತುಂಬಾ ಇವೆ. ಎಲ್ಲವನ್ನೂ ನೋಡಲು ಹೋಗಬೇಡಿ, ತಲೆ ಸುತ್ತುತ್ತದೆ. ನಾನು ಜಾಸ್ತಿ ಹೊತ್ತು ನಿಂತದ್ದು ಕೀನ್ಯಾದ ಉತ್ತರ ಭಾಗದ ದನಗಾಹಿಗಳಾದ ತುರ್ಕಾನಾ ಜನರ ಒಂದು ತಲೆದಿಂಬಿನ ಮುಂದೆ. ಗೇಣುದ್ದದ ಮರದ ತುಂಡು, ಮೇಲೆ ಸಣ್ಣ ಬಾಗು. ತುರ್ಕಾನಾ ಗಂಡಸರು ಕೂದಲಿಗೆ ಮಣ್ಣು ಮೆತ್ತಿ, ಬಣ್ಣ ಹಚ್ಚಿ, ಉಷ್ಟ್ರಪಕ್ಷಿಯ ಗರಿ ಸಿಕ್ಕಿಸಿಕೊಳ್ಳುತ್ತಿದ್ದರು. ಮಲಗುವಾಗ ಅದು ಕೆಡಬಾರದಲ್ಲ, ಅದಕ್ಕೆ ಈ ದಿಂಬು. ಹಗಲು ದನ ಕಾಯುವಾಗ ಅದೇ ಕೂರುವ ಮಣೆ. ಕತ್ತು ಇಟ್ಟೂ ಇಟ್ಟೂ ಬಾಗಿನ ಜಾಗ ನುಣುಪಾಗಿ ಹೊಳೆಯುತ್ತಿತ್ತು. ಯಾರೋ ಒಬ್ಬ ಮನುಷ್ಯ ವರ್ಷಗಟ್ಟಲೆ ಅದರ ಮೇಲೆ ನಿದ್ದೆ ಮಾಡಿದ್ದಾನೆ. ಡೊನೊವನ್ ಕೀನ್ಯಾದಲ್ಲಿ ಮೊದಲು ಪ್ರದರ್ಶನಕ್ಕೆ ಇಟ್ಟದ್ದೂ ತುರ್ಕಾನಾ ವಸ್ತುಗಳನ್ನೇ.

ಕಾಂಗೋದ ಕುಬಾ ಜನರ ಬಟ್ಟೆಯನ್ನೂ ತಪ್ಪಿಸಬೇಡಿ. ರಾಫಿಯಾ ತಾಳೆಯ ನಾರಿನಿಂದ ಗಂಡಸರು ನೇಯುತ್ತಾರೆ, ಹೆಂಗಸರು ಅದರ ಮೇಲೆ ಕಸೂತಿ ಹಾಕುತ್ತಾರೆ. ಕೋನಕೋನದ ಆಕಾರಗಳು ಸಾಲು ಹಿಡಿದು ಹೋಗುತ್ತಾ ಇದ್ದಕ್ಕಿದ್ದಂತೆ ದಾರಿ ಬದಲಿಸುತ್ತವೆ. ಅದು ತಪ್ಪಲ್ಲ, ಬೇಕೆಂದೇ ಮಾಡಿದ್ದು. ಮುಖವಾಡಗಳ ಬಗ್ಗೆ ಒಂದೇ ಮಾತು. ಅವು ಗೋಡೆಗೆಂದು ಮಾಡಿದವಲ್ಲ, ಕುಣಿತಕ್ಕೆ ಮಾಡಿದವು. ಸೋಮನ ಕುಣಿತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೇಲಿನ ತಾರಸಿಗೆ ಹೋದರೆ ಎದುರಿಗೇ ನೈರೋಬಿ ನ್ಯಾಷನಲ್ ಪಾರ್ಕ್. ಹೊಸ ರೈಲು ಮಾರ್ಗ ಹಾಕುವಾಗ ಈ ಮನೆಯೇ ಹೋಗುವ ಸ್ಥಿತಿ ಬಂದಿತ್ತಂತೆ. ಆಮೇಲೆ ಸರ್ಕಾರ ಇದನ್ನು ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿತು.

ಇನ್ನು ದಿನ ಹೇಗೆ ಹೊಂದಿಸಿಕೊಳ್ಳಬೇಕು ಅಂದರೆ, ಬೆಳಿಗ್ಗೆ ಮೊದಲು ಊರೊಳಗಿನ ಮೋಯಿ ಅವೆನ್ಯೂದಲ್ಲಿರುವ ಕೀನ್ಯಾ ನ್ಯಾಷನಲ್ ಆರ್ಕೈವ್ಸ್‌ಗೆ ಹೋಗಿ. ಹೊರದೇಶದವರು ಕೊಳ್ಳುತ್ತೇವೆಂದರೂ ಕೊಡದೆ ಮುರುಂಬಿ ತಮ್ಮ ಸಂಗ್ರಹವನ್ನು ದೇಶಕ್ಕೇ ಉಳಿಸಿದರು. ಅದರ ದೊಡ್ಡ ಪಾಲು ಅಲ್ಲಿದೆ. 1900ಕ್ಕೂ ಹಿಂದಿನ ಅಪರೂಪದ ಪುಸ್ತಕಗಳೇ 8,000ಕ್ಕಿಂತ ಹೆಚ್ಚು. ಹತ್ತಿರದ ನೈರೋಬಿ ಗ್ಯಾಲರಿಯಲ್ಲೂ ಅವರ ವಸ್ತುಗಳಿವೆ. ಎರಡೂ ಸರ್ಕಾರದ್ದು. ಶನಿವಾರ, ಭಾನುವಾರ ಆದರೆ ತೆರೆದಿರುತ್ತದೆಯೇ ಎಂದು ಮೊದಲೇ ವಿಚಾರಿಸಿ. ಮಧ್ಯಾಹ್ನ ಹೆರಿಟೇಜ್ ಹೌಸ್. ಅದು ಊರಾಚೆ, ಮೊಂಬಾಸಾ ರಸ್ತೆಯ ಕಡೆ ಇದೆ. ವಿಮಾನ ನಿಲ್ದಾಣವೂ ಅದೇ ದಿಕ್ಕು, ಹಾಗಾಗಿ ರಾತ್ರಿ ವಿಮಾನ ಇದ್ದರೆ ಲಗೇಜು ಜೊತೆಯಲ್ಲೇ ಒಯ್ಯಿರಿ. ಆ ರಸ್ತೆಯ ಟ್ರಾಫಿಕ್ ನಮ್ಮ ಸಿಲ್ಕ್ ಬೋರ್ಡ್‌ಗೆ ಏನೂ ಕಮ್ಮಿ ಇಲ್ಲ, ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಮುಖ್ಯವಾಗಿ, ಅದು ಟಿಕೆಟ್ ತಗೊಂಡು ನುಗ್ಗುವ ಜಾಗವಲ್ಲ. ಮುಂಚೆಯೇ ಸಮಯ ಗೊತ್ತು ಮಾಡಿಕೊಂಡು ಹೋಗಬೇಕು. ನಾನು ಏನೂ ಗೊತ್ತು ಮಾಡಿಕೊಳ್ಳದೆ ಹೊರಟಿದ್ದೆ, ಆಫೀಸಿನ ಗೆಳೆಯರೊಬ್ಬರು ತಡೆದು ಫೋನ್ ಮಾಡಿಸಿದರು. ಶುಲ್ಕ ಎಷ್ಟು ಎಂದು ಆಗಲೇ ಕೇಳಿ. ಊಟವೂ ಅಲ್ಲೇ ಬೇಕಿದ್ದರೆ, ಸಸ್ಯಾಹಾರಿ ಎಂದು ಅದೇ ಫೋನಿನಲ್ಲಿ ಹೇಳಿಬಿಡಿ.