ಪ್ರತಿಕ್ರಿಯೆ: ನನ್ನ ಬಾವಿಯ ಕಥೆ ಫ್ಯಾಂಟಸಿ ಏಕಲ್ಲ?
ತೊಡಕಿರುವುದು ಬಹುಶಃ ನಿಮ್ಮ ಕೊನೆಯ ಪುಟದಲ್ಲಿ. ಬೆಟಗೇರಿಯ ನೇಕಾರ ಲಕ್ಕುಂಡಿಯ ಹಳೆಯ ಮೆಟ್ಟಿಲುಬಾವಿಯಾದ ಮುಸುಕಿನ ಬಾವಿಗಿಳಿದು ಸತ್ತ ಅಜ್ಜನೊಡನೆ ಮಾತಾಡುತ್ತಾನೆ, ಆಮೇಲೆ ಎಚ್ಚರವಾಗುತ್ತದೆ ಎಂದು ಬರೆದಿದ್ದೀರಿ. ಕನಸೆಂದ ಕೂಡಲೇ ಎಲ್ಲಕ್ಕೂ ಲೌಕಿಕ ಕಾರಣ ಸಿಕ್ಕಿಬಿಟ್ಟಿತು. ಸಂಪಾದಕರು ‘ಇದು ಫ್ಯಾಂಟಸಿಯಲ್ಲ’ ಎಂದದ್ದು ಅದಕ್ಕೇ ಇರಬೇಕು. ಫ್ಯಾಂಟಸಿಯಲ್ಲಿ ಅಸಾಧ್ಯವಾದದ್ದು ಕಥೆಯೊಳಗೆ ನಿಜವಾಗಿಯೇ ನಡೆಯಬೇಕು. ಡ್ರ್ಯಾಗನ್, ಮಂತ್ರದಂಡ ಇರಲೇಬೇಕೆಂದಿಲ್ಲ.

ಮೊದಲು ಎಚ್ಚರವಾಗುವ ಸಾಲನ್ನು ಹೊಡೆದುಹಾಕಿ. ಅನಂತರ ಬಾವಿಗೊಂದು ಕಟ್ಟಳೆ ಕೊಡಿ: ಸತ್ತವರು ಯಾರಿಗೆ ಕಾಣುತ್ತಾರೆ, ಯಾವ ಮೆಟ್ಟಿಲಿನಿಂದ, ಪ್ರತಿಯಾಗಿ ಏನು ತೆರಬೇಕು? ಲಾಳಿ ಹೇಗೂ ನೇಕಾರನ ಕೈಯಲ್ಲಿದೆ. ಅಜ್ಜನ ಒಂದೊಂದು ಮಾತಿಗೂ ಅದರ ನೂಲು ಒಂದು ಮಾರು ಕರಗಲಿ. ಇದನ್ನು ಉಪನ್ಯಾಸದಂತೆ ವಿವರಿಸಬೇಡಿ, ದಯವಿಟ್ಟು. ನೂಲು ಮುಗಿದಾಗ ಮಾತು ಅರ್ಧಕ್ಕೆ ನಿಂತರೆ ಓದುಗರಿಗೆ ತಿಳಿಯುತ್ತದೆ. ಆಮೇಲೆ, ನಿಮ್ಮ ಅನುಕೂಲಕ್ಕಾಗಿ ಕಟ್ಟಳೆಯನ್ನು ಎಲ್ಲಾದರೂ ಮುರಿದಿದ್ದೀರಾ ನೋಡಿ.

ಕನಸೋ ನಿಜವೋ ಎಂಬ ಅನುಮಾನವನ್ನೇ ಉಳಿಸುವ ಆಸೆಯಿದ್ದರೆ ದಾರಿ ಬೇರೆ. ವಿಮರ್ಶಕ ತ್ಸ್ವೆತಾನ್ ತೊದೊರೊವ್ 1970ರಲ್ಲಿ ಆ ಹಿಂಜರಿಕೆಯನ್ನೇ ‘ಫೆಂಟಾಸ್ಟಿಕ್’ ಎಂಬ ಸಾಹಿತ್ಯ ಪ್ರಕಾರದ ಲಕ್ಷಣವೆಂದರು. ಆಗ ಎಚ್ಚರವಾಗಲಿ, ಲಾಳಿ ಖಾಲಿಯಿರಲಿ, ನೂಲು ಮೊದಲೇ ಮುಗಿದಿತ್ತೇ ಎಂದು ಮಾತ್ರ ಹೇಳಬೇಡಿ. ಈ ಸಂಪಾದಕರು ಅದನ್ನು ಒಪ್ಪುವರೆಂಬ ಖಾತ್ರಿಯಿಲ್ಲ. ಕಳುಹಿಸುವ ಮೊದಲು ಕೇಳಿಬಿಡಿ.