ಕೆಂಪು ಇಟ್ಟಿಗೆಯ ಕ್ಲುಸ್

ಪ್ರಶ್ನೆ: ವಾಷಿಂಗ್ಟನ್ ಅಂದರೆ ಬಿಳಿ ಕಟ್ಟಡಗಳೇ ನೆನಪಾಗುತ್ತವೆ. ಅಲ್ಲಿ ಕೆಂಪು ಇಟ್ಟಿಗೆಯ ಕಟ್ಟಡಗಳಿಗೆ ಹೆಸರಾದ ಜರ್ಮನ್ ವಲಸಿಗ ಯಾರು?

ಉತ್ತರ: ಆಡಾಲ್ಫ್ ಕ್ಲುಸ್. ನನಗೆ ತುಂಬಾ ಇಷ್ಟದ ವಾಸ್ತುಶಿಲ್ಪಿ, ಹಾಗಾಗಿ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಹುಟ್ಟಿದ್ದು 1825ರಲ್ಲಿ, ಹೈಲ್‌ಬ್ರಾನ್ ಊರಲ್ಲಿ. 1848ರಲ್ಲಿ ಅಮೆರಿಕಕ್ಕೆ ಹೋದರು. ಕಾರ್ಲ್ ಮಾರ್ಕ್ಸ್ ಅವರ ಗೆಳೆಯರು ಇವರು. ಹಡಗು ಹತ್ತಿದ ಮೇಲೂ ಕೆಲವು ವರ್ಷ ಇಬ್ಬರ ನಡುವೆ ಕಾಗದ ಓಡಾಡುತ್ತಿತ್ತು.

ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯಗಳ ಸಂಸ್ಥೆ ಸ್ಮಿತ್ಸೋನಿಯನ್‌ನ ಆರ್ಟ್ಸ್ ಆ್ಯಂಡ್ ಇಂಡಸ್ಟ್ರೀಸ್ ಕಟ್ಟಡ ಇವರದೇ. ಅದು ಪೂರ್ತಿ ತೆರೆಯುವ ಮೊದಲೇ, 1881ರ ಮಾರ್ಚ್‌ನಲ್ಲಿ, ಅಧ್ಯಕ್ಷ ಗಾರ್ಫೀಲ್ಡ್ ಅಧಿಕಾರ ವಹಿಸಿಕೊಂಡ ಸಂಭ್ರಮದ ನೃತ್ಯಕೂಟ ಅಲ್ಲೇ ನಡೆಯಿತು. ಆದರೆ ನನ್ನ ಮಟ್ಟಿಗೆ ಇವರ ದೊಡ್ಡ ಕೆಲಸ ಶಾಲೆಗಳು. 1869ರ ಫ್ರಾಂಕ್ಲಿನ್ ಶಾಲೆಯನ್ನೇ ನೋಡಿ. ಎತ್ತರದ ಕಿಟಕಿಗಳು, ಧಾರಾಳ ಬೆಳಕು, ಗಾಳಿ. ಸರ್ಕಾರಿ ಶಾಲೆ ಅಂತ ಎಲ್ಲೂ ಕೈ ಬಿಗಿ ಹಿಡಿದಿಲ್ಲ. ಕಪ್ಪು ಜನರ ಮಕ್ಕಳಿಗಾಗಿ 1872ರಲ್ಲಿ ಎದ್ದ ಸಮ್ನರ್ ಶಾಲೆಗೂ ಅಷ್ಟೇ ಅಕ್ಕರೆಯಿಂದ ನಕ್ಷೆ ಹಾಕಿದರು. ಆ ಕಾಲದಲ್ಲಿ ಇದು ಸುಮ್ನೆ ಮಾತಲ್ಲ. ಮರುವರ್ಷ ವಿಯೆನ್ನಾದ ವಿಶ್ವ ಪ್ರದರ್ಶನದಲ್ಲಿ ವಾಷಿಂಗ್ಟನ್ನಿನ ಶಾಲೆಗಳಿಗೆ ಪದಕವೂ ಬಂತು.

1873ರ ಈಸ್ಟರ್ನ್ ಮಾರ್ಕೆಟ್ ಕೂಡ ಇವರದೇ. 2007ರಲ್ಲಿ ಬೆಂಕಿಗೆ ಸಿಕ್ಕಿ ಹಾಳಾಗಿತ್ತು. ದುರಸ್ತಿಯಾಗಿ 2009ರಲ್ಲಿ ಮತ್ತೆ ತೆರೆಯಿತು, ಈಗಲೂ ವ್ಯಾಪಾರ ನಡೆಯುತ್ತಿದೆ.